ನಾಲ್ಕನೆಯ ಕೈ

ಪಿಕಪ್ಪಿನ ಹಿಂದೆ ನಲವತ್ತು ಫಲಕ,
ತಂತಿಯ ಕಾಲು ಒಂದಕ್ಕೊಂದು ತೊಡರಿಕೊಂಡು
ಗುಂಡಿ ಬಂದಾಗಲೆಲ್ಲ ಕಿರುಗುಟ್ಟುತ್ತವೆ:
ಐಲಾ ರಾಂಟನೆನ್, ಶಾಲಾ ಮಂಡಳಿಗೆ, ಮತ್ತೊಮ್ಮೆ.
ಹಸಿರು ಬಣ್ಣ ಅಗ್ಗಕ್ಕೆ ಸಿಕ್ಕಿತಂತೆ.

ನಾನು ಡ್ರೈವರು. ಬೆಳಿಗ್ಗೆ ಒಂಬತ್ತನೇ ನಂಬರಿನ ಶಾಲಾ ಬಸ್ಸು,
ಸಂಜೆ ಇವರು.
ಐದನೇ ಕ್ಲಾಸಿನಲ್ಲಿ ಭಿನ್ನರಾಶಿ ಕಲಿಸಿದ್ದರು ನನಗೆ,
ಪೂರ್ತಿ ಕಲಿಯಲಿಲ್ಲ ಎಂಬುದು ಇಬ್ಬರಿಗೂ ಗೊತ್ತು.
ಈಗಲೂ ಬೆನೆಟ್ಟಿ ಎಂದೇ ಕರೆಯುತ್ತಾರೆ,
ಹಾಜರಿ ಪುಸ್ತಕದ ದನಿಯಲ್ಲಿ,
ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಊರು ಮರೆಯದಿರುವುದು ಇಷ್ಟು:
ಮೂವತ್ತೊಂದು ವರ್ಷ ಪಾಠ ಹೇಳಿದ ಶಾಲೆಯನ್ನು
ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ
ಈಕೆಯೇ ಕೈ ಎತ್ತಿ ಮುಚ್ಚಿಸಿದ್ದು.
ಏಳು ಜನರ ಮಂಡಳಿ. ಮೂರು ಕೈ ಎದ್ದವು.
ಮೂವರ ಕೈ ಮಡಿಲಲ್ಲೇ ಉಳಿದವು.
ಆಮೇಲೆ ನಾಲ್ಕನೆಯದು,
ಮಣಿಕಟ್ಟಿನಲ್ಲಿ ಸಡಿಲ ಗಡಿಯಾರ,
ಮೊಣಕೈ ಮೇಜು ಬಿಡಲು ಎಷ್ಟು ಹೊತ್ತು ಹಿಡಿಯಿತೆಂದು
ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಹೇಳಬಲ್ಲೆ.
ಹೇಳುವುದಿಲ್ಲ.

ಬಾಯ್ಲರ್ ಬಿರಿದಿತ್ತು. ನೂರಾ ಎಂಬತ್ತು ಮಕ್ಕಳಿದ್ದಲ್ಲಿ
ನಲವತ್ತೆರಡು. ತಾಮ್ರದ ಗಣಿ ನಿಂತು ಎಷ್ಟೋ ಕಾಲ.
ಲೆಕ್ಕ ಸುಳ್ಳೆಂದು ಯಾರಿಗೂ ಅನಿಸಲಿಲ್ಲ,
ಅದಕ್ಕೇ ಸಿಟ್ಟು.

ಮೊದಲ ಮನೆಯಲ್ಲಿ ಪರದೆ ಅಲುಗಿತು,
ಟಿವಿಯ ದನಿ ತಗ್ಗಿತು, ಬಾಗಿಲು ತೆರೆಯಲಿಲ್ಲ.
ಎರಡನೆಯದರಲ್ಲಿ ನಾಯಿ.
ಆಚೆ ಮಗ್ಗುಲಲ್ಲಿ ಮಾರ್ಲಿಸ್ ಕೊಸ್ಕಿ, ಮೊಣಕೈವರೆಗೂ ಹಿಟ್ಟು,
‘ವೋಟು ನಿಮಗೇ, ಫಲಕ ಮಾತ್ರ ಬೇಡ,
ಅಂಗಳ ನಮ್ಮತ್ತೆಯದು.’
ಮತದಾರರ ಪಟ್ಟಿಯ ಮೇಲೆ ಪೆನ್ಸಿಲು ಆಡುತ್ತದೆ:
ಹಾಜರ್, ಗೈರು, ಗೈರು, ಹಾಜರ್.
ತೀರಿಕೊಂಡವರ ಹೆಸರೂ ಕೆಲವು ಹಾಗೇ ಇವೆ;
ಅಲ್ಲಿ ತುಸು ನಿಂತು
ಗುರುತು ಹಾಕದೆ ಕೆಳಗಿಳಿಯುತ್ತದೆ.

ಸರೋವರದ ರಸ್ತೆ ಮುಗಿಯುವಲ್ಲಿ ವೇಡ್ ಟ್ರೆವಾರೊ,
ಒಂದು ಕಾಲಕ್ಕೆ ನನ್ನ ಬೆಂಚಿನವನೇ.
ಬಾಗಿಲಿಗೆ ಅಡ್ಡ ನಿಂತ.
‘ಅವತ್ತು ನನ್ನ ಮಾತು ಮುಗಿದಿರಲಿಲ್ಲ.
ಮೂರು ನಿಮಿಷ ಅಂತ ನೀವೇ ಗಂಟೆ ಬಡಿದಿರಿ.’
ಟೀಚರ್ ಗಡಿಯಾರ ಬಿಚ್ಚಿ
ಕೋಟಿನ ಜೇಬಿಗೆ ಇಳಿಬಿಟ್ಟರು.
‘ಮುಗಿಸು.’

ಮಗಳು ಕತ್ತಲಲ್ಲೇ ಎದ್ದು ಬಸ್ಸಿಗೆ ಕಾಯುತ್ತಾಳೆ,
ಐವತ್ತು ನಿಮಿಷದ ದಾರಿ, ಬೇಕಾದರೆ ಇವನನ್ನೇ ಕೇಳಿ ಎಂದ.
ನಾನು ಬೂಟು ನೋಡಿಕೊಂಡೆ.
‘ಐವತ್ತನಾಲ್ಕು’ ಎಂದರು. ‘ಎರಡು ಸಲ ಕೂತು ಬಂದಿದ್ದೇನೆ.
ಸೇತುವೆಯ ಹತ್ತಿರ ಅವಳಿಗೆ ವಾಕರಿಕೆ ಬರುತ್ತದೆ.’
‘ಮತ್ತೆ ಅಂಥ ದಿನ ಬಂದರೆ?’
‘ಕೈ ಎತ್ತುತ್ತೇನೆ.’
‘ಹಾಗಾದರೆ ವೋಟಿಲ್ಲ.’
‘ಸರಿ.’ ಅವನ ಹೆಸರಿನ ಮುಂದೆ ಗೈರು ಬಿತ್ತು.

ನಾನು ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ
‘ಹುಡುಗಿಯ ಗಣಿತ ಹೇಗಿದೆ?’ ಎಂಬ ದನಿ.
ಬಹಳ ಹೊತ್ತು ಸರೋವರದ ಗಾಳಿ ಒಂದೇ ಮಾತಾಡಿತು.
‘ಛೇದದಲ್ಲಿ ತಪ್ಪುತ್ತಾಳೆ’ ಎಂದ ವೇಡ್,
ತಾನೇ ತಪ್ಪಿದವನ ಹಾಗೆ,
ಬಾಗಿಲಿನಿಂದ ಭುಜ ಸರಿಸಿ.

ಹೀಟರ್ ಹಾಕಿಕೊಂಡು ಮುಕ್ಕಾಲು ಗಂಟೆ ಕೂತೆ.
ಈ ವರ್ಷದ ಮೊದಲ ಹಿಮ,
ಹಿಂದಿದ್ದ ಫಲಕಗಳ ಮೇಲೆ ‘ಮತ್ತೊಮ್ಮೆ’ ಮೊದಲು ಅಳಿಸಿತು.
ಅಡುಗೆಮನೆಯ ಕಿಟಕಿಯಲ್ಲಿ ಎರಡು ತಲೆ, ಒಂದು ಹಾಳೆ,
ಸಿಂಕಿನ ಹತ್ತಿರ ಸುಮ್ಮನೆ ನಿಂತ ವೇಡ್.

ಬಂದು ಕೂತವರು ಕೈ ಉಜ್ಜಿಕೊಂಡರು.
ವೋಟು? ಎಂದೆ. ಕೇಳಲಿಲ್ಲ ಎಂದರು.
‘ನಾಲ್ಕು ದೊಡ್ಡದು, ಹಾಗಾಗಿ ನಾಲ್ಕನೇ ಒಂದೂ ದೊಡ್ಡದು
ಅಂತ ಪಟ್ಟು ಹಿಡಿದಿದ್ದಾಳೆ.
ನಾಳೆ ಬಸ್ಸಲ್ಲಿ ಇನ್ನೊಮ್ಮೆ ಕೇಳು, ಬೆನೆಟ್ಟಿ,
ಮೂರನೇ ಒಂದೋ, ನಾಲ್ಕನೇ ಒಂದೋ.’

ಹೂಂ ಎಂದೆ.
ಗಾಡಿ ತಿರುಗಿಸುವ ಮೊದಲು
ಸ್ಟಿಯರಿಂಗಿನ ಹಿಂದೆ, ಅವರಿಗೆ ಕಾಣದಂತೆ,
ಬೆರಳು ಮಡಿಸಿ ನಾನೊಮ್ಮೆ ನೋಡಿಕೊಂಡೆ.