ಹದಿನಾಲ್ಕನೇ ಕಾಲಂ

ಶಿವಮೊಗ್ಗದ ಕೋರ್ಟಿನ ಹಿಂಬದಿ, ಜೆರಾಕ್ಸ್ ಅಂಗಡಿ ದಾಟಿ
ಮೆಟ್ಟಿಲು ಹತ್ತಿದರೆ ಎಡಕ್ಕೆ ಎರಡನೇ ಬಾಗಿಲು.
ಪರಿಹಾರದ ಅರ್ಜಿ ಅಲ್ಲೇ ಕೊಡುವುದು.
ನಾಲ್ಕು ಹಾಳೆ. ನೀಲಿ ಶಾಯಿ ನಡೆಯುವುದಿಲ್ಲ, ಕಪ್ಪೇ ಬೇಕು.

ಮೃತರ ಹೆಸರು: ಚೌಡೇಶ. ವಯಸ್ಸು ಮೂವತ್ತೊಂದು.
ಅರ್ಜಿದಾರರು: ಅಕ್ಕ, ನಾಗವೇಣಿ, ಟೈಲರಿಂಗ್.
ಸಾವಿನ ಕಾರಣಕ್ಕೆ ಬಿಟ್ಟ ಜಾಗ ಒಂದೇ ಗೆರೆ.
ಲಗೇಜ್ ಆಟೋ ಸ್ಟ್ಯಾಂಡು, ಯಾರ ಗಾಡಿಯ ಪಾಳಿ ಎಂಬ ಮಾತು,
ಮಾತಿಗೆ ಮಾತು, ಆಮೇಲೆ ಜಾಕಿ ರಾಡು.
ಇಷ್ಟು ಹಿಡಿಸದೆ
‘ಎಫ್‌ಐಆರ್ ನೋಡುವುದು’ ಎಂದು ಬರೆದೆ.

ಹನ್ನೊಂದು: ಅಂತ್ಯಕ್ರಿಯೆಯ ವೆಚ್ಚ, ಬಾಬ್ತುವಾರು.
ಮೆಗ್ಗಾನಿನಿಂದ ಮನೆಗೆ ಗಾಡಿ, ಅದಕ್ಕೆ ಚೀಟಿ ಇದೆ.
ಶವಾಗಾರದ ಬಾಗಿಲ ಹುಡುಗನಿಗೆ ಕಾಫಿಗೆಂದು ಮುನ್ನೂರು,
ಅದಕ್ಕೆ ಯಾರು ಚೀಟಿ ಕೊಡುತ್ತಾರೆ?
ಮಡಕೆ. ಕರ್ಪೂರ. ಬಿಳಿ ಬಟ್ಟೆ ಐದು ಮೀಟರು,
ಅದು ನನ್ನಂಗಡಿಯದೇ, ಯಾರದೋ ಲಂಗದ ಲೈನಿಂಗಿಗೆ ತಂದಿಟ್ಟದ್ದು.
ಸುತ್ತುವಾಗ ಕಂಡೆ,
ಎದೆಯಿಂದ ಹೊಕ್ಕುಳ ತನಕ ಅವರು ಹಾಕಿದ ಹೊಲಿಗೆ.
ಗೋಣಿಚೀಲದ ಬಾಯಿ ಮುಚ್ಚಿದ ಹಾಗೆ, ಒಂದೊಂದೂ ಬೆರಳಗಲ.
ಇಪ್ಪತ್ತು ವರ್ಷದಿಂದ ಹೊಲಿಯುವವಳು ನಾನು,
ಬಿಚ್ಚಿ ಮತ್ತೆ ಹಾಕೋಣವೆಂದು ಕೈ ತಾನಾಗಿ ಹೋಯಿತು.
ಹೊಲಿಗೆಗೆ ಕಾಲಂ ಇಲ್ಲ.

ಸೌದೆ, ಏಳು ಕ್ವಿಂಟಾಲು.
ದುಡ್ಡು ಕೊಡಲು ಹೋದರೆ ಡಿಪೋದ ಇಮಾಮ್ ಸಾಬರು
‘ಆಗಲೇ ಕೊಟ್ಟಾಗಿದೆ’ ಅಂದರು.
ಯಾರು?
ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತರು.
‘ಕತ್ತಲಲ್ಲಿ ಬಂದಿದ್ದರು. ಹತ್ತರ ನೋಟು, ಇಪ್ಪತ್ತರದು,
ಎಲ್ಲ ಒದ್ದೆ. ಸೊಪ್ಪಿನ ವಾಸನೆ.
ಹೆಸರು ಹಾಕಬೇಡಿ ಸಾಬರೇ ಅಂದರು. ಹಾಕಲಿಲ್ಲ.’

ಸೊಪ್ಪಿನ ವಾಸನೆ ಅಂದರೆ ನಮ್ಮ ಬೀದಿಗೆ ಒಬ್ಬಳೇ, ಗುತ್ಯಮ್ಮ.
ಆ ರಾಡು ಅವಳ ಮಗನದು.
ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಕಡುಬು ಬಡಿಸಿದವಳು.
ಹೆತ್ತ ನಮ್ಮವ್ವ ನಂಜೇರಿ ಮಲಗಿದ್ದಾಗ
ಚೌಡೇಶನ ನೆತ್ತಿಗೆ ಎಣ್ಣೆ ಒತ್ತಿದವಳು.
ಬೆಂಕಿ ಇಡುವ ಹೊತ್ತಿಗೆ ಬರಲಿಲ್ಲ.
ಬಂದಿದ್ದರೆ ನಾನೇ ಚಪ್ಪಲಿ ತೆಗೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹದಿನಾಲ್ಕು: ವೆಚ್ಚ ಭರಿಸಿದವರು, ಮೃತರಿಗೆ ಅವರ ಸಂಬಂಧ.
ಗುಮಾಸ್ತರು, ಒಳ್ಳೆಯವರೇ, ಕನ್ನಡಕ ಹಣೆಗೇರಿಸಿದರು.
‘ಹೆಸರಿಲ್ಲದ ರಶೀದಿ ಪಾಸಾಗಲ್ಲಮ್ಮ.
ನೀವೇ ಕೊಟ್ಟಿದ್ದು ಅಂತ ಬರೀರಿ. ಯಾರು ಕೇಳ್ತಾರೆ?’
ಅಂಗಡಿಯ ಬಾಡಿಗೆ ನೆನಪಾಯಿತು. ಎರಡು ತಿಂಗಳದು.
ಅವಳ ಹೆಸರು ಬರೆದರೆ ವಕೀಲರು ಏನೆನ್ನುತ್ತಾರೋ:
ರಾಜಿಗೆ ಬಂದಳು ಅಂತಲೋ,
ಬಾಯಿ ಮುಚ್ಚಿಸಲು ಕೊಟ್ಟಳು ಅಂತಲೋ.
ಇರಬಹುದಾ?
ಅದನ್ನೂ ಯೋಚಿಸಿದೆ, ಪೆನ್ನಿನ ಮುಚ್ಚಳ ಕಚ್ಚುತ್ತ.
ಏಳು ಕ್ವಿಂಟಾಲಿಗೆ ಎಷ್ಟು ಕಟ್ಟು ಸೊಪ್ಪು,
ಲೆಕ್ಕ ಹಾಕಲು ಹೋಗಿ ಬಿಟ್ಟೆ.
ಹೆಸರಿನ ಜಾಗ ಹಾಗೇ ಬಿಟ್ಟು, ಸಂಬಂಧ ಎಂಬಲ್ಲಿ ಬರೆದೆ:
ನೆರೆ.

ಓದಿದರು. ಹಾಳೆಯನ್ನು ವಾಪಸು ತಳ್ಳಿದರು.
‘ನೆರೆ ಪರಿಹಾರ ಇಲ್ಲಲ್ಲಮ್ಮ, ಅದು ತಾಲ್ಲೂಕು ಆಫೀಸು.
ಮನೆಗೆ ನೀರು ನುಗ್ಗಿತ್ತಾ?’

ಕೆಳಗೆ ಬಂದು ಇನ್ನೊಂದು ಖಾಲಿ ನಮೂನೆ ಕೊಂಡೆ,
ಐದು ರೂಪಾಯಿ.

ಸಂಜೆ ಹೊಳೆ ಬಸ್‌ಸ್ಟಾಪಿನ ಹತ್ತಿರ
ಅವಳು ಹರಿವೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು.
ಕಟ್ಟು ಎಷ್ಟು ಎಂದೆ.
ದನಿ ಗುರುತು ಸಿಕ್ಕಿತು; ತಲೆ ಎತ್ತಲಿಲ್ಲ.
ಹತ್ತು, ಅಂದಳು.
ನನ್ನ ಹತ್ತಿರ ಐವತ್ತರ ನೋಟಿತ್ತು.
ಒದ್ದೆ ಕೈಯಲ್ಲಿ ಗೋಣಿಯಡಿ ಚಿಲ್ಲರೆ ತಡಕತೊಡಗಿದಳು,
ಬಹಳ ಹೊತ್ತು.
ನಾನೂ ಅವಸರ ಮಾಡಲಿಲ್ಲ.