ಅರ್ಧ ಚೀಲದ ಮಾತು

ಮೊದಲ ವರ್ಷ ಎರಡನ್ನೂ ಒಂದೇ ದಿನ ಬಿತ್ತಿದಳು ಗಲಾನೆ:
ಮುಸುಕಿನ ಜೋಳದ ಸಾಲು, ಸಾಲಿನ ನಡುವೆ ಮೇವಿನ ಅವರೆ.
ನಾನು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.
ಬಾಕೋ ಪೇಟೆಯಲ್ಲಿ ಯಾರೋ ಕೊಟ್ಟ ಬೀಜ,
ಶಾಲಿನ ತುದಿಗೆ ಗಂಟು ಹಾಕಿಕೊಂಡು
ಏಳು ಮೈಲಿ ನಡೆದು ತಂದಿದ್ದಳು.

ಅವರೆಗೆ ಅವಸರ.
ಇನ್ನೂ ಕೂಸಿನಂತಿದ್ದ ಜೋಳವನ್ನು ತಬ್ಬಿತು,
ತಬ್ಬಿದ್ದು ಬಿಗಿಯಿತು, ಹೆಗಲೇರಿತು, ನೆತ್ತಿಗೆ ಹತ್ತಿತು.
ಆಗಸ್ಟಿನ ಗಾಳಿಗೆ ಎರಡೂ ಕೂಡಿ ಮಗುಚಿಕೊಂಡವು.
ಮೂರು ಚೀಲ ಮಣ್ಣಾಯಿತು.
ಬೇಲಿಯಾಚೆ ನಿಂತು ತೋಲೆಸಾ ನಕ್ಕ:
"ನಿನ್ನ ಹೆಂಡತಿ ಹಗ್ಗ ಬೆಳೆದಿದ್ದಾಳಲ್ಲೋ,
ಕಟ್ಟೋದಕ್ಕೆ ಎತ್ತೆಲ್ಲಿ?"

ಎತ್ತು ಇತ್ತು. ಒಂದು. ಬೂರೆ.
ಅವನ ಹಟ್ಟಿಯಲ್ಲೂ ಒಂದೇ. ದಾಲೆ.
ಎರಡು ಮನೆಯ ಒಂಟೆತ್ತು ಕೂಡಿದರೆ ಒಂದು ಜೋಡಿ.
ಎರಡು ದಿನ ನನ್ನ ಹೊಲ, ಎರಡು ದಿನ ಅವನದು,
ಅಪ್ಪಂದಿರ ಕಾಲದಿಂದ ಹೀಗೇ.

ಮರುವರ್ಷ ಅವಳು ಕಾದಳು.
ಜೋಳ ಮೊಣಕಾಲು ಮುಟ್ಟುವ ತನಕ
ಬೀಜದ ಸೋರೆಬುರುಡೆ ಗೂಟದಿಂದ ಇಳಿಯಲಿಲ್ಲ.
ಎರಡನೇ ಕಳೆ ತೆಗೆದ ಮೇಲೆ, ಮಣ್ಣಿನ್ನೂ ಪುಡಿಯಾಗಿರುವಾಗ,
ಕೋಲಿನಿಂದ ಕುಳಿ ಕುಕ್ಕುತ್ತ,
ಕುಳಿಗೆರಡು ಕಾಳು ಬಿಡುತ್ತ, ಹಿಮ್ಮಡಿಯಿಂದ ಮುಚ್ಚುತ್ತ
ಸಾಲು ಮುಗಿಸಿದಳು.
ಅವರೆ ಈ ಸಲ ನೆರಳಲ್ಲಿ ಹುಟ್ಟಿತು,
ಕೈಚಾಚುವ ಮೊದಲು ತಲೆಯೆತ್ತಿ ನೋಡಿತು.

ಕೊಯ್ಲಿಗೆ ಎಣಿಸಿದೆ. ಹದಿನಾಲ್ಕೂವರೆ.
ಬರೀ ಜೋಳ ಹಾಕಿದ ವರ್ಷ ಹದಿನೈದು.
"ಅರ್ಧ ಚೀಲ ಕಮ್ಮಿ" ಅಂದೆ,
ರಾತ್ರಿ ಊಟದಲ್ಲಿ ಒಮ್ಮೆ, ಬೆಳಗಿನ ಕಾಫಿಗೆ ಮತ್ತೊಮ್ಮೆ.
ಅವಳು ಉತ್ತರಕ್ಕೆ ನಿಲ್ಲದೆ ಕುಡುಗೋಲು ತಗೊಂಡು ಹೋದಳು.
ಒಣಗಿ ಗರಗರ ಅನ್ನುವ ದಂಟಿನ ಬುಡದಲ್ಲಿ
ಅವರೆ ಇನ್ನೂ ಹಸಿರಾಗಿತ್ತು, ನೇರಳೆ ಹೂವೂ ಅಲ್ಲೊಂದು ಇಲ್ಲೊಂದು.
ಕೊಯ್ದು, ಎಲೆ ಉದುರದ ಹಾಗೆ ನೆರಳಲ್ಲಿ ಒಣಗಿಸಿ,
ದಂಟಿನದೊಂದು ಪದರ, ಬಳ್ಳಿಯದೊಂದು ಪದರ
ಅಟ್ಟಣಿಗೆಯ ಮೇಲೆ ಒಟ್ಟಿದಳು.

ಜನವರಿ. ಫೆಬ್ರವರಿ. ಹುಲ್ಲಿಗೆ ಬೂದಿಯ ಬಣ್ಣ.
ಊರ ದನಗಳು ಬರೀ ದಂಟು ಅಗಿದವು,
ಅಗಿದಷ್ಟೂ ದವಡೆಯೇ ಸವೆಯಿತು.
ಬೂರೆಯ ಸಗಣಿ ಮೆತ್ತಗಿತ್ತು, ಮೈ ಮಿಂಚುತ್ತಿತ್ತು.
ನಾನು ಗಮನಿಸಿದ್ದೆ. ಬಾಯಿಬಿಟ್ಟು ಹೇಳಲಿಲ್ಲ.

ಏಪ್ರಿಲಿನ ಮೊದಲ ಮಳೆ ಬಿದ್ದ ಮೂರನೇ ದಿನ ನೊಗ ಹೂಡಿದೆವು.
ಎರಡು ಸುತ್ತು ಸರಿಯಾಗಿ ಹೋಯಿತು.
ಮೂರನೆಯದರಲ್ಲಿ ನೊಗ ಓರೆಯಾಯಿತು,
ಬೂರೆ ಎಳೆದಂತೆಲ್ಲ ನೇಗಿಲು ಬಲಕ್ಕೆ ಜಾರಿ
ಹೊಲದ ತುಂಬ ಮಗು ಗೀಚಿದ ಹಾಗೆ ಗೆರೆ.
ಆಮೇಲೆ ದಾಲೆ ಮಂಡಿಯೂರಿತು.
ತೋಲೆಸಾ ಚಾವಟಿ ಎತ್ತಿದ. ಅದರ ಪಕ್ಕೆ ನೋಡಿದ. ಇಳಿಸಿದ.

ಅವತ್ತು ಸಂಜೆ ಗಲಾನೆ
ಅಟ್ಟಣಿಗೆಯಿಂದ ಒಂದು ಹೊರೆ ಇಳಿಸಿ
ತೋಲೆಸಾನ ಹಟ್ಟಿಯ ಕಡೆ ಹೊರಟಳು.
"ಮೊದಲೇ ಅರ್ಧ ಚೀಲ ಹೋಗಿದೆ,
ಈಗ ಇದನ್ನೂ ಆ ನಕ್ಕವನಿಗೆ?"
"ಚೀಲ ಅಳೆದಿದ್ದೀಯ" ಅಂದಳು, ಹೊರೆಯ ಅಡಿಯಿಂದ,
"ನೊಗ ಅಳೆದಿದ್ದೀಯಾ?"

ಒಂಬತ್ತು ದಿನ, ದಿನಕ್ಕೊಂದು ಹೊರೆ.
ಬುಟ್ಟಿ ಖಾಲಿ ವಾಪಸು ಬರಲಿಲ್ಲ:
ತೋಲೆಸಾನ ಹೆಂಡತಿ ಬೋಂತು ಒಮ್ಮೆ ಹುರಿದ ಬಾರ್ಲಿ,
ಒಮ್ಮೆ ಬೆಣ್ಣೆ ಸವರಿದ ರೊಟ್ಟಿಯ ಚೂರು ಇಟ್ಟಿದ್ದಳು.
ಹತ್ತನೇ ದಿನ ನೊಗ ನೆಟ್ಟಗೆ ನಿಂತಿತು.
ಊರಿಗೆ ತಡವಾಗಿ, ಆದರೂ ಹದ ಆರುವ ಮೊದಲು
ಎರಡು ಹೊಲವೂ ಬಿತ್ತಿ ಮುಗಿಯಿತು.

ಇದು ಜೂನ್ ಕೊನೆ.
ಬೆಳಗ್ಗೆ ಬೇಲಿಯ ಸಂದಿಯಲ್ಲಿ ಕಂಡೆ:
ತೋಲೆಸಾ ತನ್ನ ಹೊಲದಲ್ಲಿ ಒಬ್ಬನೇ,
ಪ್ಯಾಂಟು ಮಡಚಿ, ಜೋಳದ ಗಿಡಕ್ಕೆ ಮೊಣಕಾಲು ತಾಗಿಸಿ
ಎತ್ತರ ನೋಡುತ್ತಿದ್ದ.
ಎಡಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು.
ಯಾರಾದರೂ ಕಂಡರೇ ಎಂದು ಸುತ್ತ ತಿರುಗಿದ.

ನಾನು ಬಗ್ಗಿ
ಇಲ್ಲದ ಕಳೆಯೊಂದನ್ನು ಕೀಳತೊಡಗಿದೆ.