ಎಡದಿಂದ ಏಳನೆಯ ಕಿವಿ

ಮಂಡಿಪೇಟೆಯ ಪ್ರೆಸ್ಸಿನ ಮಾಳಿಗೆ.
ಕೊಟ್ರೇಶನ ಕಂಪ್ಯೂಟರಿನ ಮುಂದೆ ಇದು ಮೂರನೆಯ ಸಂಜೆ.
ನೂರಾ ಹದಿನಾರು ಫೋಟೋ, ಒಂದೊಂದರ ಕೆಳಗೂ
ಬೆರಳಗಲದ ಬಿಳಿ ಜಾಗ.
'ಏನಾದ್ರೂ ತುಂಬ್ರಿ ಮಿಸ್,' ಅನ್ನುತ್ತಾನೆ,
'ಸಂಚಿಕೆ ನಾಡಿದ್ದು ಮಷೀನಿಗೆ ಹೋಗ್ಬೇಕು.'

ಏನಾದರೂ ತುಂಬುವುದು ನನಗೆ ಹೊಸದಲ್ಲ.
ಹದಿನೆಂಟು ವರ್ಷ ತುಂಬಿದ್ದೇನೆ:
ಸಸಿ ನೆಡುತ್ತಿರುವ ವಿದ್ಯಾರ್ಥಿಗಳು,
ದೀಪ ಬೆಳಗುತ್ತಿರುವ ಗಣ್ಯರು,
ಭಾಷಣ ಆಲಿಸುತ್ತಿರುವ ಸಭಿಕರು
(ಅರ್ಧ ಜನ ನಿದ್ದೆಯಲ್ಲಿ,
ಮಿಕ್ಕವರು ಪಲಾವಿನ ವಾಸನೆ ಬಂದ ದಿಕ್ಕಿನಲ್ಲಿ).
ತ್ತಿರುವ, ತ್ತಿರುವ, ತ್ತಿರುವ,
ಸ್ಟಾಫ್‌ರೂಮಿನ ಹಳೇ ಫ್ಯಾನು ತಿರುಗಿದ ಹಾಗೆ.

ಈ ಸಲ ಸಂಪಾದಕ ಮಂಡಳಿಯೆಂದು ಬಂದು ಕೂತ
ಹತ್ತನೇ 'ಬಿ'ಯ ಪಾಲಾಕ್ಷಿ ಜಡೆಯ ತುದಿ ತಿರುವುತ್ತ ಕೇಳಿದಳು:
'ಸಸಿ ನೆಡೋದು ಕಾಣ್ತಾ ಐತಲ್ಲ ಮಿಸ್,
ಕಂಡದ್ದನ್ನೇ ಮತ್ಯಾಕೆ ಬರೀಬೇಕು?
ಕಾಣದ್ದು ಬರೀರಿ.'
ಕಾಣದ್ದು ಅಂದ್ರೆ ಏನೇ?
'ಆ ಸಸಿನ ಮೂರನೇ ದಿನ ಎಮ್ಮೆ ತಿಂತು.'

ಕೊಟ್ರೇಶ ಕುರ್ಚಿ ತಿರುಗಿಸಿ ನಕ್ಕ.
ಅಲ್ಲಿಂದ ಕೆಲಸ ಕೆಟ್ಟಿತು,
ಅಥವಾ ಅಲ್ಲಿಂದಲೇ ಸುರುವಾಯಿತು.

ಕಬಡ್ಡಿ ತಂಡ. ನಡುವೆ ಫಳಫಳ ಕಪ್ಪು.
ಫೈನಲ್ಲಿನಲ್ಲಿ ಸೋತದ್ದು ನಾವು, ಎರಡೇ ಪಾಯಿಂಟಿಗೆ.
ಗೆದ್ದ ಹುಡುಗರ ಗಲ್ಲ ಹಿಡಿದು
ಐದು ನಿಮಿಷಕ್ಕೆ ಅದನ್ನು ಕಡ ತಂದವರು
ಪಿ.ಟಿ. ಹಾಲಸ್ವಾಮಿ ಮಾಸ್ತರು.
ಬರೆದೆ: ಕಪ್ಪು ಹರಿಹರದ್ದು, ಮೊಣಕಾಲ ತರಚು ನಮ್ಮದು.
ಹೆಡ್‌ಮಾಸ್ತರು ಓಂಕಾರಪ್ಪನವರು ಕನ್ನಡಕ ಏರಿಸಿ ಓದಿ
'ಕ್ರೀಡಾಸ್ಫೂರ್ತಿ' ಅಂತ ಒಂದು ಪದ ಸೇರಿಸಿ ಅಂದರು.
ಸೇರಿಸಿದೆ. ಅವರು ಮೆಟ್ಟಿಲಿಳಿದ ಮೇಲೆ ತೆಗೆದೆ.

ಪ್ರವಾಸದ ಫೋಟೋ: ಬಾಯಿ ತುಂಬ ಇಡ್ಲಿ ತುರುಕಿಕೊಂಡ ರುದ್ರಾಂಬ.
'ಆಹಾರ ಸಚಿವೆ' ಅಂತ ಬರೆದು ನಾನೇ ನಕ್ಕೆ.
ಪಾಲಾಕ್ಷಿ ನಗಲಿಲ್ಲ.
'ನಾವು ಒಂದು ಸಲ ಓದ್ತೀವಿ ಮಿಸ್.
ಅವಳು ಮದುವೆಯಾಗಿ ಮಕ್ಕಳಾದ ಮೇಲೂ ಓದ್ತಾಳೆ.'
ಅಳಿಸಿದೆ. ಅಳಿಸುವ ಕೀ ಅಷ್ಟು ಭಾರವಿದ್ದದ್ದು
ಅದೇ ಮೊದಲು.

ಉಳಿದದ್ದು ಹತ್ತನೇ 'ಸಿ'ಯ ಗುಂಪು ಚಿತ್ರ.
ಕುಳಿತವರು, ನಿಂತವರು, ಬೆಂಚು ಹತ್ತಿ ನಿಂತವರು.
ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಮಂದಿ;
ಫೋಟೋದಲ್ಲಿ ನಲವತ್ತು ತಲೆ
ಮತ್ತು ಒಂದು ಕಿವಿ.
ಹಿಂದಿನ ಸಾಲು, ಎಡದಿಂದ ಏಳನೆಯದು,
ತಿಪ್ಪೇಶನ ಕತ್ತಿನ ಹಿಂದಿನಿಂದ
ಜಗ್ಗಿನ ಹಿಡಿಯ ಹಾಗೆ ಹೊರಗೆ ಚಾಚಿಕೊಂಡದ್ದು.

ನಲವತ್ತು ಹೆಸರಿಗೆ ಗೀಟು ಹೊಡೆದು
ಉಳಿದ ಒಂದನ್ನು ಹಿಡಿದು ಹೊರಟೆವು:
ರಿಜಿಸ್ಟರಿನಲ್ಲಿ ಹೊನ್ನೂರಪ್ಪ,
ಅಂಕಪಟ್ಟಿಯಲ್ಲಿ ಹೊನ್ನೂರಲಿ,
ಬಿಸಿಯೂಟದ ಲೆಕ್ಕದಲ್ಲಿ ಬರೀ ಹೊನ್ನ.

ಮಂಡಕ್ಕಿ ಭಟ್ಟಿಗಳ ಓಣಿ. ಹೊಗೆಯೊಳಗೆ ಕಾದ ಮರಳು,
ಅಕ್ಕಿ ಸಿಡಿದು ಅರಳುವ ಚಟಪಟ.
ಅಪ್ಪನ ಜೊತೆ ಜರಡಿ ಹಿಡಿದಿದ್ದ, ಹುಬ್ಬಿನ ತುಂಬ ಬೂದಿ.
ಗುರುತು ಹಿಡಿದದ್ದು ಕಿವಿಯಿಂದಲೇ.
ನಿನ್ನ ಮುಖ ಬಂದಿಲ್ಲ ಕಣಪ್ಪಾ, ಏನು ಬರೆಯೋಣ?
ಎರಡು ಸಾಲು ಕಟ್ಟಿಕೊಂಡೇ ಹೋಗಿದ್ದೆ:
ಒಂದರಲ್ಲಿ ಮೋಡದ ಹಿಂದಿನ ಚಂದ್ರ,
ಇನ್ನೊಂದರಲ್ಲಿ ಎಲೆಮರೆಯ ಕಾಯಿ.

ಅವನು ಜರಡಿ ಇಳಿಸಿ, ಕೈ ಒರೆಸಿಕೊಂಡು,
ಪಾಲಾಕ್ಷಿಯ ಪೆನ್ನು ಇಸಿದುಕೊಂಡು
ಪೊಟ್ಟಣದ ಕಾಗದದ ಮೇಲೆ ನಿಧಾನ ಬರೆದ:
ಹೊನ್ನೂರ್ ವಲಿ.
'ವ ಐತ್ರಿ ಮಿಸ್. ಎಲ್ರೂ ಅದನ್ನ ಬಿಟ್ಟುಬಿಡ್ತಾರೆ.
ಇಷ್ಟು ಹಾಕ್ರಿ, ಸಾಕು.'

ಅವನಪ್ಪ ದುಡ್ಡು ಬೇಡವೆಂದು ಕಟ್ಟಿಕೊಟ್ಟ
ಬಿಸಿ ಮಂಡಕ್ಕಿ ತಿನ್ನುತ್ತ ಟೈಪು ಮಾಡುವಾಗ
ಒಂದು ಕಾಳು ಕೀಲಿಗಳ ಸಂದಿಗೆ ಬಿತ್ತು.
'ವ ಒತ್ತಿದ್ರೆ ಕೆಳಗೇ ಕೂರ್ತದೆ,' ಕೊಟ್ರೇಶ ಗೊಣಗಿದ,
'ನಾಳೆ ಹಾಕಿದ್ರಾತು, ಬಿಡ್ರಿ.'
ಬಿಡಲಿಲ್ಲ.
ಕೀಬೋರ್ಡು ಬೋರಲು ಹಾಕಿ ಬೆನ್ನು ತಟ್ಟಿದೆವು,
ಎಳೆಗೂಸಿಗೆ ತೇಗು ಬರಿಸುವ ಹಾಗೆ.
ಎಂದಿನದೋ ಧೂಳು ಉದುರಿತು, ಒಂದು ಪಿನ್ನು ಉದುರಿತು,
ಕೊನೆಗೆ ಆ ಕಾಳು.

ಈಗ ಒತ್ತು.
ಬಂತು.